ವಯಸ್ಸಾದ ಪಾಮೇರಿಯನ್‌ಗೆ ಕೆಮ್ಮು: ಹಾರ್ಟಾ, ಶ್ವಾಸಕೋಶನಾ? ಹೇಗೆ ಗೊತ್ತಾಗುತ್ತೆ?

ಪಿಂಕಿ_ಅಮ್ಮ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಪಾಮೇರಿಯನ್ ಪಿಂಕಿಗೆ 11 ವರ್ಷ. ಕೆಲವು ವಾರಗಳಿಂದ ಒಣ ಕೆಮ್ಮು. ಯಾರಾದರೂ ಬೆಲ್ ಮಾಡಿದರೆ ಬೊಗಳುತ್ತಾ ಬೊಗಳುತ್ತಾ ಕೆಮ್ಮು ಶುರುವಾಗುತ್ತದೆ. ಕೊನೆಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಕ್ಯಾಕರಿಸುತ್ತಾಳೆ, ಏನೂ ಹೊರಗೆ ಬರುವುದಿಲ್ಲ. ಹತ್ತಿರದ ಕ್ಲಿನಿಕ್‌ನಲ್ಲಿ ಸ್ಟೆತಸ್ಕೋಪ್ ಇಟ್ಟು ನೋಡಿ "ಹಾರ್ಟಲ್ಲಿ ಮರ್ಮರ್ ಇದೆ, ನೀರು ತುಂಬ್ತಿದೆ" ಅಂದರು. ಉಚ್ಚೆ ಜಾಸ್ತಿ ಮಾಡಿ ಮೈಯ ನೀರು ಇಳಿಸುವ ಲ್ಯಾಸಿಕ್ಸ್ ಮಾತ್ರೆ ಬರೆದುಕೊಟ್ಟರು. ಎಕ್ಸ್‌ರೇ ತೆಗೆಸಿ ಅಂತ ಹೇಳಲಿಲ್ಲ. ಮಾತ್ರೆ ಶುರು ಮಾಡಿದ ಮೇಲೆ ಸಿಕ್ಕಾಪಟ್ಟೆ ನೀರು ಕುಡಿಯುತ್ತಾಳೆ, ಮನೆಯೆಲ್ಲಾ ಉಚ್ಚೆ. ಕೆಮ್ಮು ಮಾತ್ರ ಹಾಗೇ ಇದೆ. ಪರಿಚಯದ ಇನ್ನೊಬ್ಬ ಡಾಕ್ಟರ್ ಫೋನಲ್ಲೇ ಕೇಳಿ "ಬ್ರಾಂಕೈಟಿಸ್ ಇರಬೇಕು, ಆಂಟಿಬಯಾಟಿಕ್ ಕೊಡಿ" ಅನ್ನುತ್ತಾರೆ. ಯಾರ ಮಾತು ಕೇಳಲಿ? ಊಟ ಚೆನ್ನಾಗಿ ಮಾಡುತ್ತಾಳೆ, ಸೋಫಾ ಹತ್ತಿ ಇಳಿಯುತ್ತಾಳೆ. ಸ್ವಲ್ಪ ದಪ್ಪ ಇದ್ದಾಳೆ, ಅದು ನಿಜ.

ಹಾಸನದ_ಪಶುವೈದ್ಯ

ಮೇಡಂ, ಮೊದಲು ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಪಿಂಕಿ ಗಾಢ ನಿದ್ದೆಯಲ್ಲಿರುವಾಗ ಅವಳ ಉಸಿರು ಎಣಿಸಿ. ಮುಟ್ಟಬೇಡಿ, ಹೆಸರು ಹಿಡಿದು ಕರೆಯಬೇಡಿ. ಪಕ್ಕೆ ಮೇಲೆದ್ದು ಕೆಳಗಿಳಿದರೆ ಒಂದು ಉಸಿರು. ಮೇಲೆದ್ದಾಗ ಒಂದು, ಇಳಿದಾಗ ಇನ್ನೊಂದು ಅಂತ ಎಣಿಸಿ ಗಾಬರಿಯಿಂದ ಫೋನ್ ಮಾಡುವವರು ತುಂಬಾ ಜನ. ಮೊಬೈಲಲ್ಲಿ 30 ಸೆಕೆಂಡಿನ ಟೈಮರ್ ಇಟ್ಟು ಎಣಿಸಿ, ಎರಡರಿಂದ ಗುಣಿಸಿ. ಕಾಲು ಒದರುತ್ತಾ, ರೆಪ್ಪೆ ಅದುರಿಸುತ್ತಾ ಕನಸು ಕಾಣುತ್ತಿದ್ದರೆ ಆಗ ಬೇಡ, ಉಸಿರು ಏರುಪೇರಾಗಿರುತ್ತದೆ. ಸೆಕೆಯ ರೂಮಿನಲ್ಲೂ ಬೇಡ. ನಾಲ್ಕೈದು ರಾತ್ರಿ ಬರೆದಿಡಿ.

ನಿದ್ದೆಯಲ್ಲಿ ನಿಮಿಷಕ್ಕೆ 30ರ ಒಳಗಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿರುವ ಸಾಧ್ಯತೆ ಕಡಿಮೆ. ದಿನೇದಿನೇ ಏರುತ್ತಾ 30 ದಾಟಿದರೆ ಕಾಯಬಾರದು. ಪಿಂಕಿ ಈಗಾಗಲೇ ಲ್ಯಾಸಿಕ್ಸ್ ಮೇಲಿದ್ದಾಳೆ. ಹಾಗಾಗಿ ಈ ಲೆಕ್ಕ ಒಂದರಿಂದಲೇ ತೀರ್ಮಾನ ಹೇಳಲು ಆಗುವುದಿಲ್ಲ. ಆದರೂ ಬೇಕು.

ಇನ್ನು ಮರ್ಮರ್ ವಿಷಯ. ಹೃದಯದ ಎಡಗಡೆ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಮೈಟ್ರಲ್ ವಾಲ್ವ್ ಅಂತ ಇದೆ. ಸಣ್ಣ ಜಾತಿಯ ನಾಯಿಗಳಿಗೆ ವಯಸ್ಸಾದಂತೆ ಅದು ದಪ್ಪಗಾಗಿ, ಗಂಟು ಗಂಟಾಗಿ, ಸರಿಯಾಗಿ ಮುಚ್ಚುವುದಿಲ್ಲ. ರಕ್ತ ಹಿಂದಕ್ಕೆ ಸೋರುತ್ತದೆ. ಆ ಸದ್ದೇ ಮರ್ಮರ್. ನಾಯಿಗಳ ಹೃದ್ರೋಗದಲ್ಲಿ ಸುಮಾರು ಮುಕ್ಕಾಲು ಪಾಲು ಇದೇ. ಆದರೆ ವಾಲ್ವ್ ಸೋರುವುದು ಬೇರೆ, ಹಾರ್ಟ್ ಫೇಲ್ ಆಗುವುದು ಬೇರೆ. ಮರ್ಮರ್ ಇಟ್ಟುಕೊಂಡೇ ವರ್ಷಗಟ್ಟಲೆ ಆರಾಮಾಗಿ ಇರುವ ನಾಯಿಗಳು ಎಷ್ಟೋ. ಕೆಲವಕ್ಕೆ ಕೊನೆಯವರೆಗೂ ಔಷಧಿಯೇ ಬೇಕಾಗುವುದಿಲ್ಲ.

ಹಾಗಾಗಿ "ಮರ್ಮರ್ ಇದೆ, ಕೆಮ್ಮು ಇದೆ, ಆದ್ದರಿಂದ ನೀರು ತುಂಬಿದೆ" ಅನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. 11 ವರ್ಷದ ಪಾಮೇರಿಯನ್‌ಗೆ ಮರ್ಮರ್ ಇರುವುದೂ ಸಾಮಾನ್ಯ, ಶ್ವಾಸನಾಳ ಕುಸಿದಿರುವುದೂ ಸಾಮಾನ್ಯ. ಎರಡೂ ಒಟ್ಟಿಗೇ ಇರಬಹುದು. ಬೊಗಳಿದಾಗ, ಖುಷಿಯಾದಾಗ ಬರುವ ಒಣ ಕೆಮ್ಮು ಅಂದರೆ ನನಗೆ ಮೊದಲು ಶ್ವಾಸನಾಳದ ಮೇಲೇ ಅನುಮಾನ. ಎದೆಯ ಎಕ್ಸ್‌ರೇ ನೋಡದೆ ಯಾರೂ ಗಟ್ಟಿಯಾಗಿ ಹೇಳಲಾರರು. ನಾನೂ ಅಷ್ಟೇ.

ಅಂದಹಾಗೆ, ಲ್ಯಾಸಿಕ್ಸ್ ಅನ್ನು ನೀವೇ ನಿಲ್ಲಿಸಬೇಡಿ. ಬರೆದುಕೊಟ್ಟವರನ್ನೋ ಎಕ್ಸ್‌ರೇ ನೋಡುವವರನ್ನೋ ಕೇಳಿ ಮಾಡಿ. ನೀರಿನ ಬಟ್ಟಲು ಸದಾ ತುಂಬಿರಲಿ. ಉಚ್ಚೆ ಜಾಸ್ತಿ ಅಂತ ನೀರು ಕಡಿಮೆ ಮಾಡಿದರೆ ಕಿಡ್ನಿಗೆ ಪೆಟ್ಟು.

ಮೈಸೂರು_ಮಲ್ಲಿಗೆ

ನಮ್ಮ ಪಾಮೇರಿಯನ್‌ಗೂ ಇದೇ ಆಗಿತ್ತು ಅಕ್ಕ. ಕೆಮ್ಮಿದರೆ ಬಾತುಕೋಳಿ ಕೂಗಿದ ಹಾಗೆ ಕೇಳಿಸುತ್ತಿತ್ತು. ಕೊನೆಗೆ ಟ್ರೇಕಿಯಾ ಕೊಲ್ಯಾಪ್ಸ್, ಅಂದರೆ ಶ್ವಾಸನಾಳ ಕುಸಿದಿರುವುದು ಅಂತ ಗೊತ್ತಾಯಿತು. ಕುತ್ತಿಗೆ ಪಟ್ಟಿ ತೆಗೆದು ಎದೆಗೆ ಹಾಕುವ ಹಾರ್ನೆಸ್ ತಂದೆವು, ತೂಕ ಇಳಿಸಿದೆವು. ಅರ್ಧ ಕೆಮ್ಮು ಅದರಲ್ಲೇ ಹೋಯಿತು. ನೀವು ಪಟ್ಟಿ ಹಾಕುತ್ತೀರಾ?

ಪಿಂಕಿ_ಅಮ್ಮ (ಬೆಂಗಳೂರು)

ಹೌದು, ಗೆಜ್ಜೆ ಇರುವ ಪಟ್ಟಿ. ಇವತ್ತೇ ತೆಗೆಯುತ್ತೇನೆ. ಡಾಕ್ಟ್ರೇ, ತುಂಬಾ ಥ್ಯಾಂಕ್ಸ್. ಇಸಿಜಿ ಒಂದು ತೆಗೆಸಿದರೆ ಸಾಕಾಗಲ್ವಾ? ಅದು ಹತ್ತಿರದಲ್ಲೇ ಇದೆ.

ಹಾಸನದ_ಪಶುವೈದ್ಯ

ಸಾಲದು. ಇಸಿಜಿ ಹೃದಯ ಬಡಿಯುವ ಲಯ ತೋರಿಸುತ್ತದೆ. ಬಡಿತ ತಪ್ಪುತ್ತಿದ್ದರೆ, ನಾಯಿ ತಲೆಸುತ್ತಿ ಬೀಳುತ್ತಿದ್ದರೆ ಅದು ಬೇಕೇ ಬೇಕು. ಶ್ವಾಸಕೋಶದಲ್ಲಿ ನೀರಿದೆಯೋ ಇಲ್ಲವೋ ಅಂತ ಅದು ಹೇಳುವುದಿಲ್ಲ. ಇಸಿಜಿ ನಾರ್ಮಲ್ ಬಂದ ನಾಯಿ ಹಾರ್ಟ್ ಫೇಲ್ ಆಗಿರಬಹುದು. ಒಂದೇ ಪರೀಕ್ಷೆಗೆ ದುಡ್ಡು ಹಾಕುವುದಾದರೆ, ಕೆಮ್ಮಿಗೋ ಏದುಸಿರಿಗೋ ಎದೆಯ ಎಕ್ಸ್‌ರೇಗೆ ಹಾಕಿ. ಎರಡು ಕೋನದಲ್ಲಾದರೂ ತೆಗೆಯಲಿ, ಒಂದು ಪಕ್ಕಕ್ಕೆ ಮಲಗಿಸಿ, ಇನ್ನೊಂದು ಬೆನ್ನಿನ ಮೇಲೋ ಹೊಟ್ಟೆಯ ಮೇಲೋ. ಉಸಿರು ಪೂರ್ತಿ ಒಳಗೆ ಎಳೆದುಕೊಂಡ ಕ್ಷಣದಲ್ಲಿ ತೆಗೆಯಬೇಕು. ಉಸಿರು ಬಿಟ್ಟಾಗ ತೆಗೆದರೆ ದಪ್ಪ ನಾಯಿಯ ಶ್ವಾಸಕೋಶ ಬೆಳ್ಳಗೆ ಕಂಡು "ನೀರಿದೆ" ಅನಿಸಿಬಿಡುತ್ತದೆ.

ಇನ್ನೊಂದು ವಿಷಯ, ಇದಕ್ಕೆ ಯಾವ ಮಿಷಿನ್ನೂ ಬೇಡ. ಆರೋಗ್ಯವಾಗಿರುವ ನಾಯಿ ವಿಶ್ರಾಂತಿಯಲ್ಲಿರುವಾಗ ಉಸಿರು ಎಳೆದಂತೆ ಬಡಿತ ಸ್ವಲ್ಪ ವೇಗ, ಬಿಟ್ಟಂತೆ ನಿಧಾನ ಆಗುತ್ತದೆ. ಎಡ ಮೊಣಕೈ ಹಿಂದೆ ಅಂಗೈ ಇಟ್ಟರೆ ನಿಮಗೇ ಗೊತ್ತಾಗುತ್ತದೆ. ಹಾರ್ಟ್ ಫೇಲ್ ಆದಾಗ ಈ ಏರಿಳಿತ ಸಾಮಾನ್ಯವಾಗಿ ಹೋಗಿ ಬಡಿತ ಒಂದೇ ಸಮನೆ ಜೋರಾಗುತ್ತದೆ. ಶ್ವಾಸನಾಳದ ಕಾಯಿಲೆಯಲ್ಲಿ ಏರಿಳಿತ ಉಳಿದಿರುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿಯಾಗುತ್ತದೆ. ಕೆಮ್ಮುವ ನಾಯಿಯ ಬಡಿತ ನಿಧಾನವಾಗಿ ಹೀಗೆ ಏರಿಳಿಯುತ್ತಿದ್ದರೆ ಆ ಕೆಮ್ಮು ಹಾರ್ಟ್ ಫೇಲ್ಯೂರ್‌ನದ್ದಲ್ಲ ಅನ್ನುವ ಕಡೆಗೇ ನಾನು ವಾಲುತ್ತೇನೆ.

ಹಳ್ಳಿಮನೆ_ನಾಯಿ

ಇದೆಲ್ಲಾ ಪಟ್ಟಣದ ಗಲಾಟೆ. ನಮ್ಮ ಅಜ್ಜನ ಕಾಲದಲ್ಲಿ ನಾಯಿ ಕೆಮ್ಮಿದರೆ ಅರಿಶಿನ, ಬೆಲ್ಲ, ಎಳ್ಳೆಣ್ಣೆ ಕಲಸಿ ಬಾಯಿಗೆ ಹುಯ್ಯುತ್ತಿದ್ದರು. ಎಕ್ಸ್‌ರೇ, ಎಕೋ ಎಲ್ಲಾ ಸುಮ್ನೆ ದುಡ್ಡು ಕೀಳೋಕೆ.

ಹಾಸನದ_ಪಶುವೈದ್ಯ

ದುಡ್ಡಿನ ಮಾತು ಸರಿ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ದಯವಿಟ್ಟು ಬಾಯಿಗೆ ಎಣ್ಣೆ ಹುಯ್ಯಬೇಡಿ. ಕೆಮ್ಮುತ್ತಿರುವ ನಾಯಿಯ ತಲೆ ಎತ್ತಿ ಹಿಡಿದು ಎಣ್ಣೆಯೋ ಕಷಾಯವೋ ಸುರಿದರೆ ಅದು ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಮರಿಗಳಿಗಂತೂ ಬೇಡವೇ ಬೇಡ. ಹಾಗಾದ ನ್ಯುಮೋನಿಯಾ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮುಂದಿನ, ಕೆಳಗಿನ ಭಾಗದಲ್ಲಿ ಬೆಳ್ಳಗೆ ಕಾಣುತ್ತದೆ, ಬಲಗಡೆ ನಡುವಿನ ಹಾಲೆಯಲ್ಲಿ ಜಾಸ್ತಿ. ಹಾರ್ಟ್ ಫೇಲ್ಯೂರ್‌ನ ನೀರು ನಾಯಿಗಳಲ್ಲಿ ಸಾಮಾನ್ಯವಾಗಿ ಹೃದಯದ ಹಿಂಬದಿಯಿಂದ ಶುರುವಾಗಿ ಹಿಂದಿನ, ಮೇಲಿನ ಭಾಗಕ್ಕೆ ಹರಡುತ್ತದೆ. ಬಿಳಿ ಎಲ್ಲಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಆಂಟಿಬಯಾಟಿಕ್ ಬೇಕಾಗುವುದು ನ್ಯುಮೋನಿಯಾಗೆ. ಜ್ವರ, ಮಂಕು, ಊಟ ಬಿಡುವುದು, ಒದ್ದೆ ಕೆಮ್ಮು ಇವು ಇರುತ್ತವೆ. ಪಿಂಕಿ ಹಾಗಿಲ್ಲ.

ಬೀದಿನಾಯಿ_ಗೆಳೆಯ (ಹುಬ್ಬಳ್ಳಿ)

ನಾವು ಬೀದಿ ನಾಯಿಗಳಿಗೆ ಊಟ ಹಾಕುವವರು. ನಮ್ಮ ಅನುಭವ ಬೇರೆ. ಎಳೆ ನಾಯಿ ಕೆಮ್ಮಿದರೆ, ಕಣ್ಣು ಮೂಗಲ್ಲಿ ಗೀಜು ಬಂದರೆ ಮೊದಲ ಭಯ ಡಿಸ್ಟೆಂಪರ್, ನಾಯಿಗಳಿಗೆ ಹರಡುವ ವೈರಸ್ ಕಾಯಿಲೆ. ಆಮೇಲೆ ತಲೆ, ಕಾಲು ಅದುರಲು ಶುರುವಾದರೆ ಉಳಿಯುವುದು ಕಷ್ಟ. ಇನ್ನೊಂದು, ಉಣ್ಣೆ ಜ್ವರ. ನಾಯಿ ಏದುಸಿರು ಬಿಡುತ್ತದೆ, ಎಲ್ಲರೂ ಹಾರ್ಟು ಲಂಗ್ಸು ಅಂತಾರೆ. ತುಟಿ ಎತ್ತಿ ನೋಡಿದರೆ ವಸಡು ಕಾಗದದ ಹಾಗೆ ಬಿಳಿ. ರಕ್ತವೇ ಇಲ್ಲ ಪಾಪ.

ಹಾಸನದ_ಪಶುವೈದ್ಯ

ಬಹಳ ಮುಖ್ಯವಾದ ಮಾತು ಹೇಳಿದಿರಿ. ಉಣ್ಣೆಯಿಂದ ಬರುವ ಎರ್ಲೀಕಿಯಾ, ಬಬೇಸಿಯಾ ಎರಡೂ ನಮ್ಮಲ್ಲಿ ಧಾರಾಳ. ರಕ್ತ ತೀರಾ ಕಡಿಮೆಯಾದರೆ ತೆಳ್ಳಗಾದ ರಕ್ತ ರಭಸವಾಗಿ ಹರಿದು ಮರ್ಮರ್ ಕೂಡ ಕೇಳಿಸುತ್ತದೆ. ವಾಲ್ವ್ ಸರಿಯಾಗೇ ಇರುತ್ತದೆ. ರಕ್ತಹೀನತೆ ಸರಿಹೋದ ಮೇಲೆ ಆ ಸದ್ದೂ ಹೋಗುತ್ತದೆ. ಅದಕ್ಕೇ ಹಾರ್ಟ್ ಅಂತ ಬಂದ ಪ್ರತಿ ನಾಯಿಗೂ ಮೊದಲು ಒಂದು ರಕ್ತ ಪರೀಕ್ಷೆ. ಕಿಡ್ನಿ ಲೆಕ್ಕವೂ ಅದರಲ್ಲೇ ಬರುತ್ತದೆ, ಲ್ಯಾಸಿಕ್ಸ್ ಕೊಡುವ ಮುಂಚೆ ಅದು ಗೊತ್ತಿರಬೇಕು.

ಕುಂದಾಪ್ರದ_ಕಡಲು

ಮಾರಾಯ್ರೆ, ನಮ್ಮ ಬದಿ ನಾಯಿಗಳ ರಕ್ತದಲ್ಲಿ ಹುಳ ಉಂಟು ಅಂತಾರಲ್ಲ, ಅದು ಹಾರ್ಟಿಗೆ ಹೋಗುವುದಾ?

ಹಾಸನದ_ಪಶುವೈದ್ಯ

ಎರಡು ಜಾತಿ ಇವೆ. ಎರಡೂ ಸೊಳ್ಳೆಯಿಂದಲೇ ಹರಡುವುದು. ಡೈರೋಫೈಲೇರಿಯಾ ಇಮಿಟಿಸ್ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ, ಹೃದಯದ ಬಲಭಾಗದಲ್ಲಿ ವಾಸ ಮಾಡುತ್ತದೆ. ನಮ್ಮ ದೇಶದಲ್ಲಿ ಈಶಾನ್ಯ ರಾಜ್ಯಗಳಲ್ಲಿ ಇದು ಜಾಸ್ತಿ. ಡೈರೋಫೈಲೇರಿಯಾ ರೆಪೆನ್ಸ್ ಚರ್ಮದ ಕೆಳಗೆ ಇರುವಂಥದ್ದು. ಕೇರಳ, ನಮ್ಮ ಕರಾವಳಿಯಲ್ಲಿ ಕಾಣುವುದು ಹೆಚ್ಚಾಗಿ ಇದೇ. ಮನುಷ್ಯರ ಕಣ್ಣಿನ ಪೊರೆಯಡಿಯಿಂದ ತೆಗೆದ ಉದಾಹರಣೆಗಳೂ ಇವೆ. ರಕ್ತದ ಹನಿಯಲ್ಲಿ ಎರಡರ ಮರಿಹುಳಗಳೂ ಮೇಲ್ನೋಟಕ್ಕೆ ಒಂದೇ ಥರ. ಹುಳ ಕಂಡ ಕೂಡಲೇ ಹಾರ್ಟ್‌ವರ್ಮ್ ಅಂತ ಹೇಳಿಬಿಟ್ಟರೆ ಒಪ್ಪಿಕೊಳ್ಳಬೇಡಿ, ಯಾವ ಜಾತಿ ಅಂತ ಪರೀಕ್ಷೆ ಮಾಡಿಸಿ.

ಸಾಗರದ_ಬೆಕ್ಕಿನಮನೆ

ನಾಯಿಗಳ ನಡುವೆ ಬೆಕ್ಕು ತರುತ್ತಿದ್ದೇನೆ, ಬೇಜಾರಾಗಬೇಡಿ. ನಮ್ಮ ಚಿನ್ನು ಆಗಾಗ ನೆಲಕ್ಕೆ ಕುಕ್ಕರಿಸಿ, ಕುತ್ತಿಗೆ ಮುಂದಕ್ಕೆ ಚಾಚಿ, ಖ್ಖ ಖ್ಖ ಅಂತ ಮಾಡುತ್ತದೆ. ಎರಡು ನಿಮಿಷ ಆದ ಮೇಲೆ ಏನೂ ಆಗಿಲ್ಲ ಅನ್ನುವಂತೆ ಎದ್ದು ಹೋಗುತ್ತದೆ. ನುಂಗಿದ ಕೂದಲು ವಾಂತಿ ಮಾಡಲು ಹೀಗೆ ಮಾಡುತ್ತೆ ಅಂತ ಮನೆಯಲ್ಲಿ ಹೇಳುತ್ತಾರೆ. ಆದರೆ ಕೂದಲು ಬಂದಿದ್ದನ್ನು ನಾನಂತೂ ನೋಡಿಲ್ಲ. ಇದು ಹಾರ್ಟ್ ಇರಬಹುದಾ?

ಹಾಸನದ_ಪಶುವೈದ್ಯ

ಬೆಕ್ಕಿನ ಲೆಕ್ಕವೇ ಬೇರೆ. ಹಾರ್ಟ್ ಕಾಯಿಲೆ ಇರುವ ಬೆಕ್ಕು ಕೆಮ್ಮುವುದು ಅಪರೂಪ. ಬೆಕ್ಕು ಕೆಮ್ಮಿದರೆ ಮೊದಲು ನೆನಪಾಗಬೇಕಾದ್ದು ಆಸ್ತಮಾ. ನೀವು ಹೇಳಿದ ಭಂಗಿ, ಕುಕ್ಕರಿಸಿ ಕುತ್ತಿಗೆ ಚಾಚುವುದು, ಅದೇ. ಕೂದಲಿನ ಉಂಡೆ ಅಂತ ಅಂದುಕೊಂಡು ವರ್ಷಗಟ್ಟಲೆ ಬಿಟ್ಟುಬಿಡುತ್ತಾರೆ. ಮುಂದಿನ ಸಲ ವಿಡಿಯೋ ಮಾಡಿ. ನಿಮ್ಮ ಡಾಕ್ಟರ್ ಮುಂದೆ ಚಿನ್ನು ಖಂಡಿತ ಕೆಮ್ಮುವುದಿಲ್ಲ. ಎಕ್ಸ್‌ರೇಯಲ್ಲಿ ಶ್ವಾಸನಾಳಗಳ ಗೋಡೆ ದಪ್ಪಗಾಗಿ ಸಣ್ಣ ಸಣ್ಣ ಉಂಗುರ, ಜೋಡಿ ಗೆರೆ ಕಾಣಬಹುದು. ಕಾಣದೆಯೂ ಇರಬಹುದು, ಕೆಮ್ಮಿಲ್ಲದ ದಿನ ಆಸ್ತಮಾ ಬೆಕ್ಕಿನ ಎಕ್ಸ್‌ರೇ ಪೂರ್ತಿ ಸರಿಯಾಗಿರುವುದೂ ಉಂಟು. ಶ್ವಾಸಕೋಶದ ಹುಳ ಇಲ್ಲ ಅಂತ ಖಚಿತ ಮಾಡಿಕೊಳ್ಳಲು ಮಲ ಪರೀಕ್ಷೆ ಮಾಡಿಸಿ.

ಆಸ್ತಮಾ ಅಂತ ಖಚಿತವಾದರೆ ಮಕ್ಕಳಿಗೆ ಹಚ್ಚುವ ಹಾಗೆಯೇ ಸ್ಪೇಸರ್, ಮುಖವಾಡ ಇಟ್ಟು ಇನ್‌ಹೇಲರ್ ಕೊಡುತ್ತಾರೆ. ಮನೆಯಲ್ಲಿ ಸೊಳ್ಳೆ ಬತ್ತಿ, ಊದಿನಕಡ್ಡಿ, ಸಾಂಬ್ರಾಣಿ ಹೊಗೆ ಕಡಿಮೆ ಮಾಡಿ. ದೇವರ ಮನೆಯಲ್ಲೇ ಮಲಗುವ ಬೆಕ್ಕುಗಳನ್ನು ಕಂಡಿದ್ದೇನೆ, ಕೆಮ್ಮದೆ ಇನ್ನೇನು ಮಾಡುತ್ತವೆ.

ಹಾಗಂತ ಬೆಕ್ಕಿಗೆ ಹಾರ್ಟ್ ಕಾಯಿಲೆ ಕಡಿಮೆ ಅಂತಲ್ಲ. ಮೇಲ್ನೋಟಕ್ಕೆ ಆರೋಗ್ಯವಾಗಿರುವ ಬೆಕ್ಕುಗಳಲ್ಲೂ ಸುಮಾರು ಏಳರಲ್ಲಿ ಒಂದಕ್ಕೆ ಹೃದಯದ ಗೋಡೆ ದಪ್ಪಗಾಗುವ ಕಾಯಿಲೆ ಇರುತ್ತದೆ. ಬಹಳಷ್ಟಕ್ಕೆ ಮರ್ಮರ್ರೇ ಇರುವುದಿಲ್ಲ. ಮರ್ಮರ್ ಇರುವ ಎಷ್ಟೋ ಬೆಕ್ಕುಗಳ ಹೃದಯ ಸರಿಯಾಗೇ ಇರುತ್ತದೆ. ಬೆಕ್ಕಿನ ಹೃದಯಕ್ಕೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಬಿಟ್ಟರೆ ನೆಚ್ಚಿಕೊಳ್ಳುವ ದಾರಿ ಇಲ್ಲ. ದೊಡ್ಡ ವಯಸ್ಸಿನ ಬೆಕ್ಕಾದರೆ ಥೈರಾಯ್ಡ್, ಬಿಪಿ ಎರಡನ್ನೂ ನೋಡಬೇಕು, ಅವೂ ಗೋಡೆ ದಪ್ಪ ಮಾಡುತ್ತವೆ.

ಎರಡು ಸಂದರ್ಭದಲ್ಲಿ ಫೋರಂನಲ್ಲಿ ಬರೆಯುತ್ತಾ ಕೂರಬೇಡಿ. ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ. ಅಥವಾ ಇದ್ದಕ್ಕಿದ್ದಂತೆ ಹಿಂಗಾಲು ಎಳೆಯುತ್ತಾ ಜೋರಾಗಿ ಅರಚುತ್ತಿದ್ದು, ಆ ಕಾಲು ಮುಟ್ಟಿದರೆ ತಣ್ಣಗಿದ್ದರೆ. ಎರಡನೆಯದಕ್ಕೆ ಸಾಮಾನ್ಯವಾಗಿ ಕಾರಣ ಹೃದಯದಿಂದ ಜಾರಿದ ರಕ್ತದ ಹೆಪ್ಪು. ಹಾವು ಕಚ್ಚಿದೆ, ಗಾಡಿ ಬಡಿದಿದೆ ಅಂತ ತರುತ್ತಾರೆ. ತಕ್ಷಣ ಹೊರಡಿ.

ಸಾಗರದ_ಬೆಕ್ಕಿನಮನೆ

ಡಾಕ್ಟ್ರೇ, ಇನ್ನೊಂದು. ನಾವು ಸಸ್ಯಾಹಾರಿಗಳು. ಚಿನ್ನುಗೆ ಹಾಲು ಅನ್ನ, ಮೊಸರನ್ನವೇ ಊಟ. ಅದರಿಂದೇನೂ ತೊಂದರೆ ಇಲ್ಲ ಅಲ್ವಾ?

ಹಾಸನದ_ಪಶುವೈದ್ಯ

ತೊಂದರೆ ಇದೆ. ಬೆಕ್ಕಿನ ದೇಹ ಟಾರಿನ್ ಅನ್ನುವ ಅಂಶವನ್ನು ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಸಿಗುವುದು ಮಾಂಸ, ಮೀನಿನಲ್ಲಿ. ಅಕ್ಕಿಯಲ್ಲಿ ಇಲ್ಲ, ಹಾಲಿನಲ್ಲಿ ಇರುವುದು ಏನೇನೂ ಸಾಲದು. ಟಾರಿನ್ ಕಡಿಮೆಯಾದರೆ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯ ದೊಡ್ಡದಾಗಿ ಸೋಲುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ಪಾಲ್ ಪಯನ್ ಮತ್ತು ಜೊತೆಗಾರರು 1987ರಲ್ಲಿ ಇದನ್ನು ತೋರಿಸಿದರು. ಟಾರಿನ್ ಕೊಟ್ಟಾಗ ಆ ಹೃದಯಗಳು ಸುಧಾರಿಸಿದವು. ಅದಾದ ಮೇಲೆ ಬೆಕ್ಕಿನ ಪ್ಯಾಕೆಟ್ ಆಹಾರಕ್ಕೆ ಟಾರಿನ್ ಹೆಚ್ಚಿಸಿದರು, ಆ ಕಾಯಿಲೆ ಅಪರೂಪವಾಯಿತು.

ಮಲೆನಾಡಿನ ಮನೆ ಬೆಕ್ಕುಗಳು ಮೊಸರನ್ನ ತಿಂದು ಹೇಗೆ ಬದುಕುತ್ತವೆ ಅಂದರೆ, ಅಟ್ಟದ ಮೇಲೆ ಇಲಿ ಹಿಡಿಯುವುದರಿಂದ. ಫ್ಲ್ಯಾಟಿನ ಬೆಕ್ಕಿಗೆ ಆ ಅನುಕೂಲ ಇಲ್ಲ. ಮನೆಯಲ್ಲಿ ಮಾಂಸ ಬೇಯಿಸಲು ಆಗದಿದ್ದರೆ ಬೆಕ್ಕಿಗೆ ಅಂತಲೇ ಮಾಡಿದ ಪ್ಯಾಕೆಟ್ ಆಹಾರ ಕೊಡಿ. ನಾಯಿಯದ್ದು ಬೇಡ.

ಮುಧೋಳ_ಬೇಟೆ

ಸರ್ ನಮ್ಮ ಮುಧೋಳ ನಾಯಿಗೆ ಬೇರೆ ವಿಷಯಕ್ಕೆ ಎಕ್ಸ್‌ರೇ ತೆಗೆದಾಗ "ಹಾರ್ಟ್ ದೊಡ್ಡದಾಗಿದೆ" ಅಂದರು. ನಾಲ್ಕು ವರ್ಷದ ನಾಯಿ, ಗಾಳಿ ಹಾಂಗ ಓಡತದ. ಕೆಮ್ಮಿಲ್ಲ, ಸುಸ್ತಿಲ್ಲ. ಗಾಬರಿ ಆಗ್ಯದ.

ಹಾಸನದ_ಪಶುವೈದ್ಯ

ಎಕ್ಸ್‌ರೇಯಲ್ಲಿ ಹಾರ್ಟ್ ದೊಡ್ಡದು ಅಂತ ಹೇಗೆ ಅಳೆಯುತ್ತಾರೆ ಅಂತ ಹೇಳುತ್ತೇನೆ, ಮುಂದಿನ ಸಲ ನೀವೇ ಕೇಳಬಹುದು. ನಾಯಿ ಪಕ್ಕಕ್ಕೆ ಮಲಗಿದ ಚಿತ್ರದಲ್ಲಿ ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗ ಇದೆಯಲ್ಲ, ಅದರ ಕೆಳಗಿನಿಂದ ಹೃದಯದ ತುದಿಯವರೆಗೆ ಒಂದು ಗೆರೆ. ಅದಕ್ಕೆ ಅಡ್ಡಲಾಗಿ ಹೃದಯ ಅತಿ ಅಗಲ ಇರುವಲ್ಲಿ ಇನ್ನೊಂದು ಗೆರೆ. ಈ ಎರಡು ಉದ್ದವನ್ನೂ ಬೆನ್ನುಮೂಳೆಯ ಮೇಲೆ, ಎದೆಭಾಗದ ನಾಲ್ಕನೇ ಮಣಿಯ ಮುಂದಿನ ಅಂಚಿನಿಂದ ಹಿಂದಕ್ಕೆ ಇಟ್ಟು, ಎಷ್ಟು ಮಣಿ ಆಗುತ್ತದೆ ಅಂತ ಎಣಿಸಿ ಕೂಡಿಸುತ್ತಾರೆ. 1995ರಲ್ಲಿ ಬುಕನನ್ ಮತ್ತು ಬ್ಯೂಕೆಲರ್ ಈ ಲೆಕ್ಕ ಕೊಟ್ಟರು. ನಾಯಿಯ ಮೈಯ ಮೂಳೆಯಿಂದಲೇ ಅಳೆಯುವುದರಿಂದ ಸಣ್ಣ ನಾಯಿ, ದೊಡ್ಡ ನಾಯಿ ಅನ್ನುವ ತೊಂದರೆ ಕಡಿಮೆ. ಅವರ ನಾಯಿಗಳಲ್ಲಿ ಸರಾಸರಿ 9.7 ಮಣಿ ಬಂತು. 10.5 ದಾಟಿದರೆ ದೊಡ್ಡದು ಅನ್ನುವುದು ವಾಡಿಕೆ.

ಆದರೆ ಈ ಗೆರೆ ಎಲ್ಲ ಜಾತಿಗೂ ಹೊಂದುವುದಿಲ್ಲ. ಲ್ಯಾಬ್ರಡಾರ್, ಬಾಕ್ಸರ್, ಪಗ್‌ಗಳಲ್ಲಿ ಆರೋಗ್ಯವಂತ ನಾಯಿಯೇ 10.5 ದಾಟುವುದು ಸಾಮಾನ್ಯ. ಗ್ರೇಹೌಂಡ್ ಥರದ ಓಟದ ನಾಯಿಗಳಿಗೆ ಹುಟ್ಟಿನಿಂದಲೇ ಮೈಗೆ ಹೋಲಿಸಿದರೆ ಹೃದಯ ದೊಡ್ಡದು, ಸಣ್ಣ ಮರ್ಮರ್ ಕೂಡ ಇರಬಹುದು. ಮುಧೋಳವೂ ಅದೇ ಮೈಕಟ್ಟಿನ ನಾಯಿ. ಅದನ್ನು ಲ್ಯಾಬ್ರಡಾರ್ ಪಕ್ಕ ಇಟ್ಟು ಅಳೆದರೆ ನ್ಯಾಯ ಅಲ್ಲ. ಒಮ್ಮೆ ಎಕೋ ಮಾಡಿಸಿ, ಸರಿ ಇದ್ದರೆ ಸುಮ್ನೆ ಓಡಲು ಬಿಡಿ.

ಲೀಡ್ಸ್_ಕನ್ನಡಿಗ

ಇಂಗ್ಲೆಂಡಿನಲ್ಲಿದ್ದೇನೆ. ನಮ್ಮದು ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್. ಈ ಜಾತಿಗೆ ಮೈಟ್ರಲ್ ವಾಲ್ವ್ ಕಾಯಿಲೆ ಎಳೆ ವಯಸ್ಸಲ್ಲೇ ಬರುತ್ತದೆ. ಇಲ್ಲಿ ವರ್ಷಕ್ಕೊಮ್ಮೆ ಸ್ಟೆತಸ್ಕೋಪ್ ಇಟ್ಟು ಕೇಳಿ ನೋಡುತ್ತಾರೆ, ಮರ್ಮರ್ 6ರಲ್ಲಿ 3ನೇ ದರ್ಜೆಗೆ ಬಂದಾಗ ಎಕೋ ಮಾಡಿದರು. ಬಿ2 ಹಂತ ಅಂದರು. ಹೃದಯ ಹಿಂಡುವ ಬಲ ಹೆಚ್ಚಿಸುವ ಪಿಮೊಬೆಂಡಾನ್ ಔಷಧಿ ಶುರು ಮಾಡಿದರು, ಇನ್ನೂ ಫೇಲ್ಯೂರ್ ಆಗಿಲ್ಲದಿದ್ದರೂ. ಬಿ1ರಲ್ಲಿ ಯಾಕೆ ಕೊಡಲಿಲ್ಲ ಅಂತ ನಾನು ಕೇಳಿದ್ದೆ, ಆ ಹಂತದಲ್ಲಿ ಲಾಭ ಆಗುವುದಕ್ಕೆ ಪುರಾವೆ ಇಲ್ಲ ಅಂದರು. ಹಾಸನದ ಡಾಕ್ಟ್ರು ಈ ಹಂತಗಳ ಬಗ್ಗೆ ಬರೆದರೆ ಎಲ್ಲರಿಗೂ ಅನುಕೂಲ.

ಹಾಸನದ_ಪಶುವೈದ್ಯ

ಅಮೆರಿಕದ ಪಶುವೈದ್ಯ ತಜ್ಞರ ಸಂಘ 2009ರಲ್ಲಿ ಮಾಡಿ, 2019ರಲ್ಲಿ ತಿದ್ದಿದ ಹಂತಗಳು ಅವು. ಎ ಅಂದರೆ ಇನ್ನೂ ಕಾಯಿಲೆ ಇಲ್ಲ, ಆದರೆ ಬರುವ ಜಾತಿ. ಬಿ1 ಅಂದರೆ ಮರ್ಮರ್ ಇದೆ, ಹೃದಯ ಅಷ್ಟೇನೂ ಹಿಗ್ಗಿಲ್ಲ. ಬಿ2 ಅಂದರೆ ಗಮನಾರ್ಹವಾಗಿ ಹಿಗ್ಗಿದೆ, ಆದರೆ ನೀರು ತುಂಬಿಲ್ಲ. ಸಿ ಅಂದರೆ ಹಾರ್ಟ್ ಫೇಲ್ಯೂರ್ ಆಗಿದೆ ಅಥವಾ ಒಮ್ಮೆಯಾದರೂ ಆಗಿತ್ತು. ಡಿ ಅಂದರೆ ಮಾಮೂಲಿ ಔಷಧಿಗೆ ಬಗ್ಗುತ್ತಿಲ್ಲ.

ಬಿ1, ಬಿ2 ಬೇರೆ ಮಾಡುವುದು ಕಿವಿಯಿಂದ ಆಗುವ ಕೆಲಸ ಅಲ್ಲ. ಎಕೋದಲ್ಲಿ ಎಡ ಮೇಲ್ಕೋಣೆಯ ಅಗಲವನ್ನು ಪಕ್ಕದ ಮಹಾಧಮನಿಯ ಅಗಲದಿಂದ ಭಾಗಿಸುತ್ತಾರೆ. 1.6 ಅಥವಾ ಅದಕ್ಕಿಂತ ಜಾಸ್ತಿ ಬಂದು, ಕೆಳಕೋಣೆಯೂ ಹಿಗ್ಗಿದ್ದರೆ ಬಿ2. 2016ರಲ್ಲಿ ಪ್ರಕಟವಾದ ಎಪಿಕ್ ಅಧ್ಯಯನದಲ್ಲಿ 360 ನಾಯಿಗಳಿದ್ದವು. ಬಿ2ರಲ್ಲಿ ಪಿಮೊಬೆಂಡಾನ್ ಕೊಟ್ಟವಕ್ಕೆ ಫೇಲ್ಯೂರ್ ಬರುವುದು ಸುಮಾರು 15 ತಿಂಗಳು ತಡವಾಯಿತು. 15 ತಿಂಗಳು ಅಂದರೆ ನಾಯಿಯ ಆಯಸ್ಸಿನಲ್ಲಿ ಸಣ್ಣದಲ್ಲ. ಲ್ಯಾಸಿಕ್ಸ್ ಬೇಕಾಗುವುದು ಸಿ ಹಂತದಿಂದ. ಹಂತ ಗೊತ್ತಿಲ್ಲದೆ ಲ್ಯಾಸಿಕ್ಸ್ ಕೊಟ್ಟರೆ ನೀರಿಲ್ಲದ ನಾಯಿಯಿಂದ ನೀರು ಹಿಂಡಿದ ಹಾಗೆ.

ಲೀಡ್ಸ್_ಕನ್ನಡಿಗ

ಇಲ್ಲಿ ಬಿಎನ್‌ಪಿ ಅಂತ ರಕ್ತ ಪರೀಕ್ಷೆಯೂ ಮಾಡಿದರು. ಊರಲ್ಲಿ ಸಿಗುತ್ತಾ?

ಹಾಸನದ_ಪಶುವೈದ್ಯ

ಹೃದಯದ ಗೋಡೆ ಎಳೆತಕ್ಕೆ ಸಿಕ್ಕಾಗ ರಕ್ತಕ್ಕೆ ಬರುವ ವಸ್ತು ಅದು. ಏದುಸಿರು ಬಿಡುವ ಬೆಕ್ಕಿಗೆ ಹಾರ್ಟಾ ಆಸ್ತಮಾನಾ ಅಂತ ಬೇರ್ಪಡಿಸಲು ಒಳ್ಳೆಯ ಸಹಾಯ. ಎಲ್ಲ ಊರಲ್ಲೂ ಸಿಗುವುದಿಲ್ಲ. ಸಿಗಲಿಲ್ಲ ಅಂತ ಮನುಷ್ಯರ ಲ್ಯಾಬಿಗೆ ರಕ್ತ ಕಳಿಸಬೇಡಿ. ಮನುಷ್ಯರ ಕಿಟ್ ನಾಯಿ ಬೆಕ್ಕಿನದನ್ನು ಸರಿಯಾಗಿ ಗುರುತಿಸುವುದಿಲ್ಲ, ನಾರ್ಮಲ್ ಅಂತ ಬಂದುಬಿಡಬಹುದು.

ನಿರ್ವಾಹಕ

ನೆನಪಿರಲಿ: ಇಲ್ಲಿ ಯಾರೂ ಔಷಧಿಯ ಪ್ರಮಾಣ ಬರೆಯಬೇಡಿ. ಕ್ಲಿನಿಕ್ ಹೆಸರು ಹಾಕಿದ್ದ ಒಂದು ಪ್ರತಿಕ್ರಿಯೆ ತೆಗೆದಿದ್ದೇವೆ.

ಪಿಂಕಿ_ಅಮ್ಮ (ಬೆಂಗಳೂರು)

ಅಪ್‌ಡೇಟ್ ಕೊಡುತ್ತಿದ್ದೇನೆ. ನಿದ್ದೆಯ ಉಸಿರು 20ರಿಂದ 24ರ ಒಳಗೇ ಇತ್ತು. ಎಕ್ಸ್‌ರೇ, ಎಕೋ ಎರಡೂ ಆಯಿತು. ಶ್ವಾಸಕೋಶ ಕ್ಲಿಯರ್, ನೀರಿಲ್ಲ. ಕುತ್ತಿಗೆ ಮುಗಿದು ಎದೆ ಶುರುವಾಗುವಲ್ಲಿ ಶ್ವಾಸನಾಳ ಚಪ್ಪಟೆಯಾಗಿ ಕಾಣುತ್ತದೆ, ನನಗೇ ತೋರಿಸಿದರು. ವಾಲ್ವ್ ಸೋರುತ್ತಿದೆ, ಆದರೆ ಆ ಭಾಗಾಕಾರ 1.4 ಬಂತು. ಅಂದರೆ ಬಿ1. ಲ್ಯಾಸಿಕ್ಸ್ ನಿಲ್ಲಿಸಿದರು. ಬೇರೆ ಕೆಮ್ಮಿನ ಔಷಧಿ ಕೊಟ್ಟಿದ್ದಾರೆ. ತೂಕ ಇಳಿಸಲೇಬೇಕಂತೆ. ಕಾಫಿ ಜೊತೆ ರಸ್ಕ್ ಕೊಡುತ್ತಿದ್ದ ನಮ್ಮ ಮಾವನವರಿಗೆ ಅದನ್ನು ಹೇಳುವುದೇ ದೊಡ್ಡ ಕೆಲಸ.

ಮೈಸೂರು_ಮಲ್ಲಿಗೆ

ಸದ್ಯ! ರಸ್ಕ್ ಬದಲು ಸೌತೆಕಾಯಿ ಹೋಳು ಕೊಡಲು ಹೇಳಿ. ಕುರುಕಲು ಸದ್ದು ಬಂದರೆ ಇಬ್ಬರಿಗೂ ಸಮಾಧಾನ.

ಹಾಸನದ_ಪಶುವೈದ್ಯ

ಒಳ್ಳೆಯದಾಯಿತು. ಮುಂದಿನ ಎಕೋ ಆರರಿಂದ ಹನ್ನೆರಡು ತಿಂಗಳಲ್ಲಿ. ಅಲ್ಲಿಯವರೆಗೆ ವಾರಕ್ಕೊಮ್ಮೆ ಉಸಿರು ಎಣಿಸುತ್ತಿರಿ.

ದುಡ್ಡಿನ ಮಾತಿಗೆ ಬರುತ್ತೇನೆ ಅಂದಿದ್ದೆ. ಪರೀಕ್ಷೆಗಳೆಲ್ಲಾ ಎಲ್ಲರಿಗೂ ಬೇಡ. ಉಸಿರಿನ ಲೆಕ್ಕ, ವಿಡಿಯೋ ಇವಕ್ಕೆ ಖರ್ಚಿಲ್ಲ. ಆಮೇಲೆ ಎಕ್ಸ್‌ರೇ, ರಕ್ತ. ಎಕೋ ಮೂರನೆಯದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಹಾಸನ, ಶಿವಮೊಗ್ಗ, ಬೀದರ್ ಕಾಲೇಜುಗಳ ಆಸ್ಪತ್ರೆಗಳಲ್ಲಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆಗೆ ಆಗುತ್ತದೆ. ಯಾವ ದಿನ ಯಾವ ಪರೀಕ್ಷೆ ಇದೆ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ, ಬೆಳಗ್ಗೆ ಬೇಗ ಹೋಗಿ. ಆದರೆ ಪ್ರಾಣಿ ಉಸಿರಿಗೆ ಒದ್ದಾಡುತ್ತಿದ್ದರೆ ಈ ಕ್ರಮ ಯಾವುದೂ ಇಲ್ಲ. ಮೊದಲು ಆಕ್ಸಿಜನ್. ಒದ್ದಾಡುವ ಬೆಕ್ಕನ್ನು ಎಕ್ಸ್‌ರೇಗೆ ಅಂತ ಹಿಡಿದು ಮಲಗಿಸಿದರೆ ಟೇಬಲ್ ಮೇಲೇ ಹೋಗಿಬಿಡಬಹುದು. ಕೂತ ಭಂಗಿಯಲ್ಲೇ ಅಲ್ಟ್ರಾಸೌಂಡ್ ಇಟ್ಟು ಎದೆಯಲ್ಲಿ ನೀರಿದೆಯಾ ಅಂತ ಒಂದೆರಡು ನಿಮಿಷದಲ್ಲಿ ನೋಡುವ ಪದ್ಧತಿ ಈಗ ಬಂದಿದೆ.

ಡಾಬಿ_ದಾವಣಗೆರೆ

ನಮ್ಮ ಡಾಬರ್‌ಮನ್, 5 ವರ್ಷ. ಗೇಟಿಗೆ ಓಡಿದವನು ಧೊಪ್ಪಂತ ಬಿದ್ದ. ಅರ್ಧ ನಿಮಿಷದಲ್ಲಿ ಎದ್ದು ಬಾಲ ಅಲ್ಲಾಡಿಸಿದ. ಫಿಟ್ಸ್ ಅಂತ ಮಾತ್ರೆ ಕೊಟ್ಟಿದ್ದಾರೆ. ಇಸಿಜಿ ತೆಗೆದರು, ನಾರ್ಮಲ್. ಆದರೂ ಮನಸ್ಸಿಗೆ ಸಮಾಧಾನ ಇಲ್ಲ.

ಹಾಸನದ_ಪಶುವೈದ್ಯ

ಬಿದ್ದಾಗ ಮೈ ಮೆತ್ತಗಿತ್ತಾ, ಸೆಟೆದಿತ್ತಾ? ಜೊಲ್ಲು, ಕಾಲು ಬಡಿಯುವುದು, ಎದ್ದ ಮೇಲೆ ದಿಕ್ಕು ತಪ್ಪಿದ ಹಾಗೆ ಸುತ್ತುವುದು ಇತ್ತಾ?

ಡಾಬಿ_ದಾವಣಗೆರೆ

ಮೆತ್ತಗೆ, ಬಟ್ಟೆ ಹಾಗೆ. ಜೊಲ್ಲು ಇಲ್ಲ. ಎದ್ದ ತಕ್ಷಣ ಮಾಮೂಲಿ.

ಹಾಸನದ_ಪಶುವೈದ್ಯ

ಹಾಗಾದರೆ ಫಿಟ್ಸ್‌ಗಿಂತ ಹಾರ್ಟ್‌ನದೇ ಅನುಮಾನ ಜಾಸ್ತಿ, ಅದರಲ್ಲೂ ಡಾಬರ್‌ಮನ್. ಈ ಜಾತಿಗೆ ಹೃದಯದ ಸ್ನಾಯು ತೆಳ್ಳಗಾಗಿ ಹಿಗ್ಗುವ ಕಾಯಿಲೆ ಬರುತ್ತದೆ. ಮರ್ಮರ್ ಇರುವುದಿಲ್ಲ, ಕೆಮ್ಮು ಇರುವುದಿಲ್ಲ, ನೋಡಲು ಗಟ್ಟಿಮುಟ್ಟು. ಒಳಗೆ ಬಡಿತ ತಪ್ಪುತ್ತಿರುತ್ತದೆ. ಎರಡು ನಿಮಿಷದ ಇಸಿಜಿಯಲ್ಲಿ ಅದು ಸಿಕ್ಕಿಬೀಳುವುದು ಅದೃಷ್ಟ. ಹೋಲ್ಟರ್ ಬೇಕು, ಇಡೀ 24 ಗಂಟೆ ಮೈಗೆ ಕಟ್ಟಿ ದಾಖಲಿಸುವಂಥದ್ದು. ಯುರೋಪಿನ ತಜ್ಞರ ಲೆಕ್ಕದಲ್ಲಿ 24 ಗಂಟೆಯಲ್ಲಿ 300ಕ್ಕಿಂತ ಜಾಸ್ತಿ ತಪ್ಪು ಬಡಿತ ಬಂದರೆ ಡಾಬರ್‌ಮನ್‌ಗೆ ಕಾಯಿಲೆ ಇದೆ ಅಂತ ತೀರ್ಮಾನ. 50ರಿಂದ 300ರ ನಡುವೆ ಬಂದರೆ ವರ್ಷದೊಳಗೆ ಇನ್ನೊಮ್ಮೆ ನೋಡಬೇಕು, ಮತ್ತೆ ಹಾಗೇ ಬಂದರೆ ಆಗಲೂ ಅದೇ ತೀರ್ಮಾನ. ಜೊತೆಗೆ ಎಕೋ. ಡಾಬರ್‌ಮನ್‌ಗಳಿಗೆ ಮೂರು ವರ್ಷದಿಂದಲೇ ವರ್ಷಕ್ಕೊಮ್ಮೆ ಇವೆರಡೂ ಮಾಡಿಸಬೇಕು ಅನ್ನುವುದು ಅವರ ಸಲಹೆ.

ತಡ ಮಾಡಬೇಡಿ. ಈ ಕಾಯಿಲೆಯಲ್ಲಿ ಕೆಲವು ನಾಯಿಗಳಿಗೆ ಮೊದಲ ಲಕ್ಷಣವೇ ಸಾವು. ಪರೀಕ್ಷೆ ಆಗುವವರೆಗೆ ಓಡಿಸಬೇಡಿ, ಬಾಲ್ ಆಟ ಬೇಡ. ಫಿಟ್ಸ್ ಮಾತ್ರೆಯ ಬಗ್ಗೆ ಅದನ್ನು ಬರೆದವರ ಹತ್ತಿರ ಇವತ್ತೇ ಮಾತಾಡಿ, ನೀವೇ ನಿಲ್ಲಿಸಬೇಡಿ.

ಡಾಬಿ_ದಾವಣಗೆರೆ

ಬೆಂಗಳೂರಿಗೆ ಫೋನ್ ಮಾಡಿದೆ ಸರ್, ಶುಕ್ರವಾರ ಬನ್ನಿ ಅಂದಿದ್ದಾರೆ. ಹೋಲ್ಟರ್ ಕಟ್ಟಿದರೆ ಕಿತ್ತುಹಾಕ್ತಾನೇನೋ ಅಂತ ಭಯ.

ಹಾಸನದ_ಪಶುವೈದ್ಯ

ಎದೆಯ ಎರಡೂ ಕಡೆ ಕೂದಲು ಬೋಳಿಸಿ ಅಂಟು ಪಟ್ಟಿ ಹಚ್ಚುತ್ತಾರೆ, ಮೇಲೆ ಬ್ಯಾಂಡೇಜ್ ಸುತ್ತುತ್ತಾರೆ. ನಿಮ್ಮದೊಂದು ಹಳೆಯ ಬಿಗಿ ಟೀ ಶರ್ಟ್ ತೆಗೆದುಕೊಂಡು ಹೋಗಿ, ಅದರ ಮೇಲೆ ಹಾಕಿಬಿಡಿ. ಇವತ್ತಿನಿಂದಲೇ ಸ್ವಲ್ಪ ಹೊತ್ತು ಹಾಕಿ ಅಭ್ಯಾಸ ಮಾಡಿಸಿ. ಕಟ್ಟಿದ ದಿನ ಏನು ಮಾಡಿದ ಅಂತ ಗಂಟೆಯ ಸಮೇತ ಬರೆದಿಡಿ: ಮಲಗಿದ್ದು, ಬೊಗಳಿದ್ದು, ಮೆಟ್ಟಿಲು ಹತ್ತಿದ್ದು. ರಿಪೋರ್ಟ್ ಓದುವವರಿಗೆ ಅದು ಬೇಕಾಗುತ್ತದೆ. ಬಂದ ಮೇಲೆ ಇಲ್ಲಿ ಹಾಕಿ, ನೋಡೋಣ.